ಸೋಲುವ ಅವಕಾಶ ಯಾರಿಗಿದೆ?

ಟೆಲಿವಿಷನ್ನಿನಲ್ಲಿ ಸಮಾನತೆಯ ಪ್ರಶ್ನೆ ಬಂದಾಗಲೆಲ್ಲ ಪರದೆಯ ಮೇಲಿನ ಮುಖಗಳ ಲೆಕ್ಕ ಶುರುವಾಗುತ್ತದೆ. ಕಪ್ಪು ವರ್ಣೀಯರು ಎಷ್ಟು ಮಂದಿ, ಹೆಂಗಸರು ಎಷ್ಟು, ಲಿಂಗತ್ವ ಅಲ್ಪಸಂಖ್ಯಾತರು ಎಷ್ಟು? ಈ ಲೆಕ್ಕ ಬೇಕು. ಆದರೆ ಅನ್ಯಾಯ ನಡೆಯುವುದು ಅದಕ್ಕೂ ಬಹಳ ಮೊದಲು, ಯಾವ ಕಥೆಗೆ ಹಣ ಕೊಡಬೇಕೆಂದು ಯಾರೋ ಕೆಲವರು ತೀರ್ಮಾನಿಸುವ ಕೋಣೆಯಲ್ಲಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮಾಧ್ಯಮ ವಿದ್ವಾಂಸ ಏಮರ್ ಜೀನ್ ಕ್ರಿಶ್ಚಿಯನ್ ತಮ್ಮ ‘ಓಪನ್ ಟಿವಿ’ (2018) ಪುಸ್ತಕದಲ್ಲಿ ಗಮನ ಹರಿಸಿದ್ದು ಈ ಹಂತದ ಕಡೆಗೆ. ಅಂತರ್ಜಾಲಕ್ಕೆ ಸರಣಿ ಮಾಡುತ್ತಿದ್ದ ಅನೇಕ ಸ್ವತಂತ್ರ ನಿರ್ಮಾಪಕರನ್ನು ಮಾತಾಡಿಸಿ ಅವರು ಆ ಪುಸ್ತಕ ಬರೆದರು. ಅದಕ್ಕೂ ಮುಂಚೆ, 2015ರಲ್ಲೇ, ಷಿಕಾಗೋದಲ್ಲಿ ಅದೇ ಹೆಸರಿನ ವೇದಿಕೆಯೊಂದನ್ನು ಕಟ್ಟಲು ಕೈಹಾಕಿದ್ದರು. ಅಲ್ಲಿ ಕೃತಿಯ ಒಡೆತನ ಕಲಾವಿದರ ಬಳಿಯೇ ಉಳಿಯುತ್ತದೆ.

ಈ ಕೆಲಸದಿಂದ ನನಗೆ ಹೊಳೆಯುವ ತೀರ್ಮಾನ ಇಷ್ಟು: ಸಮಾನತೆಯನ್ನು ಅಳೆಯಬೇಕಾದ್ದು ಸೋಲುವ ಅವಕಾಶ ಹೇಗೆ ಹಂಚಿಕೆಯಾಗಿದೆ ಎಂಬುದರಿಂದ. ದೊಡ್ಡ ವಾಹಿನಿಗಳು ಪ್ರತಿವರ್ಷ ಪೈಲಟ್ ಸಂಚಿಕೆಗಳಿಗೆ, ಅಂದರೆ ಸರಣಿಯನ್ನು ಒಪ್ಪುವ ಮುನ್ನ ಪರೀಕ್ಷೆಗೆಂದು ತಯಾರಿಸುವ ಮೊದಲ ಸಂಚಿಕೆಗಳಿಗೆ, ಕೋಟಿಗಟ್ಟಲೆ ಸುರಿಯುತ್ತವೆ; ಅವುಗಳಲ್ಲಿ ಎಷ್ಟೋ ಪ್ರಸಾರವನ್ನೇ ಕಾಣುವುದಿಲ್ಲ. ಪರಿಚಿತ ವಲಯದ ಬರಹಗಾರ ಹೀಗೆ ಸೋತರೆ ಅದು ವ್ಯಾಪಾರದ ಮಾಮೂಲಿ ಖರ್ಚು, ಅವನಿಗೆ ಮತ್ತೊಂದು ಅವಕಾಶ ಸಿಗುತ್ತದೆ. ಕಪ್ಪು ಮಹಿಳೆಯ ಸರಣಿ ಸೋತರೆ ‘ಇಂಥ ಕಥೆಗೆ ನೋಡುಗರಿಲ್ಲ’ ಎಂಬ ತೀರ್ಪು ಅವಳ ಹಿಂದಿರುವ ಎಲ್ಲರ ಮೇಲೂ ಬೀಳುತ್ತದೆ.

ಪ್ರತಿಭೆ ಇದ್ದವರು ಹೇಗೂ ಮೇಲೆ ಬರುತ್ತಾರಲ್ಲ ಎಂದು ಕೇಳುವವರು ಕಪ್ಪು ನಟಿ, ಬರಹಗಾರ್ತಿ ಇಸಾ ರೇ ಅವರನ್ನು ತೋರಿಸುತ್ತಾರೆ. 2011ರಲ್ಲಿ ಯೂಟ್ಯೂಬಿನಲ್ಲಿ ‘ಆಕ್ವರ್ಡ್ ಬ್ಲ್ಯಾಕ್ ಗರ್ಲ್’ ಆರಂಭಿಸಿದವರು 2016ರಲ್ಲಿ ಎಚ್‌ಬಿಒದ ‘ಇನ್‌ಸೆಕ್ಯೂರ್’ ತನಕ ಬಂದರು. ನಿಜ. ಆದರೆ ಯೂಟ್ಯೂಬ್ ಸರಣಿ ಮುಂದುವರಿಯಲು ಚಂದಾ ಎತ್ತಿಕೊಟ್ಟವರು ನೋಡುಗರು. ಪ್ರಯೋಗದ ಅಪಾಯವನ್ನು ಕಲಾವಿದೆ ಮತ್ತು ಅವಳ ಅಭಿಮಾನಿಗಳು ಹೊತ್ತ ಮೇಲೆ, ಗೆಲ್ಲುವುದು ಖಾತ್ರಿಯಾದ ಪ್ರತಿಭೆಗೆ ವಾಹಿನಿ ಬಾಗಿಲು ತೆರೆಯಿತು. ಹಾಗೆ ಚಂದಾ ಎತ್ತಲಾಗದೆ ನಿಂತುಹೋದವರ ಹೆಸರು ಯಾವ ವಾದದಲ್ಲೂ ಬರುವುದಿಲ್ಲ. ಯೂಟ್ಯೂಬ್ ಎಲ್ಲರಿಗೂ ತೆರೆದಿದೆ ಎಂಬ ಮಾತಿಗೂ ಇದೇ ಉತ್ತರ. ವಿಡಿಯೊ ಏರಿಸಲು ಜಾಗ ಕೊಡುವುದು ಬೇರೆ, ಚಿತ್ರೀಕರಣಕ್ಕೆ ಹಣ ಕೊಡುವುದು ಬೇರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಓಪನ್ ಟಿವಿಯಂಥ ಸ್ಥಳೀಯ ವೇದಿಕೆಯನ್ನು ನೋಡುವವರು ಕಡಿಮೆ; ಅದು ದೇಣಿಗೆ, ಅನುದಾನಗಳನ್ನು ನಂಬಿದೆ; ಅಲ್ಪ ಸಂಭಾವನೆಗೆ ದುಡಿಯುವ ಕಲಾವಿದರು ಒಂದರ್ಥದಲ್ಲಿ ತಾವೇ ಅದಕ್ಕೆ ಬಂಡವಾಳ ಹಾಕುತ್ತಿರುತ್ತಾರೆ. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ನೋಡುಗರ ಸಂಖ್ಯೆಯೇ ಯೋಗ್ಯತೆ ಎಂಬ ಅಳತೆ ಜಾಹೀರಾತುದಾರರದು, ಅದನ್ನು ಎಲ್ಲ ಕಡೆ ಹಿಡಿಯಬೇಕಾಗಿಲ್ಲ. ಫಾತಿಮಾ ಅಸ್ಗರ್ ಬರೆದು ಸ್ಯಾಮ್ ಬೇಲಿ ನಿರ್ದೇಶಿಸಿದ ‘ಬ್ರೌನ್ ಗರ್ಲ್ಸ್’ 2017ರಲ್ಲಿ ಈ ಸಣ್ಣ ವೇದಿಕೆಯಲ್ಲೇ ಬಂತು, ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು. ದಕ್ಷಿಣ ಏಷ್ಯಾ ಮೂಲದ ಹುಡುಗಿ ಮತ್ತು ಕಪ್ಪು ಹುಡುಗಿಯ ಸ್ನೇಹದ ಆ ಕಥೆಯ ಮೇಲೆ ಮೊದಲು ನಂಬಿಕೆ ಇಟ್ಟದ್ದು ಹಾಲಿವುಡ್ ಅಲ್ಲ.

ವೈವಿಧ್ಯದ ವಾರ್ಷಿಕ ವರದಿ ಹೊರತರುವ ವಾಹಿನಿಗಳು ಇನ್ನೊಂದು ಪಟ್ಟಿಯನ್ನೂ ಮುಂದಿಡಲಿ: ಯಾರ ಯಾರ ಪ್ರಸಾರವಾಗದ ಪೈಲಟ್‌ಗಳಿಗೆ ಹಣ ಕೊಟ್ಟಿರಿ, ಸೋತವರಲ್ಲಿ ಯಾರನ್ನು ಮತ್ತೆ ಕರೆದಿರಿ?