ಬರಿಗೈಯ ಆರು ವಾರಗಳು



ಮಗಳನ್ನು ದೂರದ ಕಾನ್ವೆಂಟಿಗೆ ಕಳುಹಿಸಿದ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ಸೇವೆ ಮಾಡುತ್ತೇನೆಂದು ಅಷ್ಟು ದೂರ ಹೋದಳು. ಅಲ್ಲಿ ನೋಡಿದರೆ ಅಕ್ಷರ ತಿದ್ದುತ್ತಾ ಕುಳಿತಿದ್ದಾಳಂತೆ!" ಇಟಲಿಗೋ ಜರ್ಮನಿಗೋ ಹೋದ ನಮ್ಮ ಹುಡುಗಿಯರ ಮೊದಲ ತಿಂಗಳುಗಳು ಭಾಷೆ ಕಲಿಯುವುದರಲ್ಲೇ ಕಳೆಯುತ್ತವೆ. ಇಲ್ಲಿ ಹೆತ್ತವರಿಗೆ ಕಸಿವಿಸಿ. ಇದಕ್ಕಾಗಿಯೇ ಅವಳನ್ನು ದೇವರಿಗೆ ಒಪ್ಪಿಸಿದೆವೇ ಎಂಬ ಅನುಮಾನ.

ಇದನ್ನು ತಿಳಿಯದವರ ಮಾತೆಂದು ತಳ್ಳಿಹಾಕಬೇಡಿ. ಬಡವರು ಕಾಯುತ್ತಿರುವಾಗ, ಅವರಿಗಾಗಿಯೇ ಮನೆ ಬಿಟ್ಟವರು ಏನನ್ನೂ ಕೊಡಲಾಗದೆ ಕಳೆಯುವ ದಿನಗಳಿಗೆ ಏನು ಬೆಲೆ? ಅದು ಸೇವೆಗೆ ಮೊದಲಿನ ಕಾಯುವಿಕೆ ಮಾತ್ರವೇ, ಅಥವಾ ಸೇವೆಯ ಭಾಗವೇ?

ನಮಗೆಲ್ಲ ಪರಿಚಿತರಾದ ಒಬ್ಬರ ಬದುಕಿನಲ್ಲಿ ಅಂಥ ಆರು ವಾರಗಳಿದ್ದವು. ಜೀವನಚರಿತ್ರೆಗಳು ಒಂದೆರಡು ಸಾಲಿನಲ್ಲಿ ಅವನ್ನು ದಾಟಿಬಿಡುತ್ತವೆ. 1928ರಲ್ಲಿ ಹದಿನೆಂಟು ವರ್ಷದ ಆಗ್ನೆಸ್ ಗೊಂಜೆ ಬೊಯಾಜಿಯು ಎಂಬ ಅಲ್ಬೇನಿಯನ್ ಹುಡುಗಿ, ಇಂದಿನ ಉತ್ತರ ಮ್ಯಾಸಿಡೋನಿಯಾದ ರಾಜಧಾನಿಯಾದ ಸ್ಕೋಪ್ಯೆಯಿಂದ ಹೊರಟು ಐರ್ಲೆಂಡಿನ ಡಬ್ಲಿನ್ ಸೇರಿದಳು. ಮುಂದೆ ಜಗತ್ತು ಆಕೆಯನ್ನು ಮದರ್ ತೆರೇಸಾ ಎಂದು ಕರೆಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಸಂತರ ಸಾಲಿಗೆ ಸೇರಿಸಿದರು. (ಹದಿನೆಂಟರ ಹುಡುಗಿಯ ಬಗ್ಗೆ ಬರೆಯುವಾಗ ಲೇಖನಿಗೆ ಏಕವಚನವೇ ಬರುತ್ತದೆ, ಓದುಗರು ಮನ್ನಿಸಬೇಕು.)

ಅವಳು ಬೆಳೆದದ್ದು ಕೊಡುವ ಮನೆಯಲ್ಲಿ. ತಂದೆ ನಿಕೊಲಾ 1919ರಲ್ಲಿ ತೀರಿಕೊಂಡ ಮೇಲೆ ತಾಯಿ ದ್ರಾನಾಫಿಲೆ ಕಸೂತಿ ಬಟ್ಟೆಯ ವ್ಯಾಪಾರದಿಂದ ಮೂವರು ಮಕ್ಕಳನ್ನು ಸಾಕಿದಳು. ಆದರೂ ಆ ಮನೆಯ ಊಟದ ಮೇಜಿಗೆ ಬಡವರು ಬರುವುದು ತಪ್ಪಲಿಲ್ಲ. ಇವರು ಯಾರೆಂದು ಮಕ್ಕಳು ಕೇಳಿದರೆ, ನಮ್ಮವರೇ ಎನ್ನುವುದು ತಾಯಿಯ ಉತ್ತರ. ಆಗ್ನೆಸ್ ಕೂಡ ಊರಿನಲ್ಲಿ ಎದ್ದು ಕಾಣುವ ಹುಡುಗಿಯೇ. ದೇವಾಲಯದ ಗಾಯನವೃಂದದಲ್ಲಿ ಹಾಡುತ್ತಿದ್ದಳು, ಮ್ಯಾಂಡೊಲಿನ್ ನುಡಿಸುತ್ತಿದ್ದಳು, ಕವಿತೆ ಬರೆಯುತ್ತಿದ್ದಳು, ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದಳು. ಯುಗೊಸ್ಲಾವಿಯಾದ ಯೇಸುಸಭೆಯ ಗುರುಗಳು ಬಂಗಾಳದಿಂದ ಬರೆಯುತ್ತಿದ್ದ ಪತ್ರಗಳು ಅವಳ ಮನಸ್ಸನ್ನು ಭಾರತದ ಕಡೆಗೆ ತಿರುಗಿಸಿದವು.

ಬಂಗಾಳಕ್ಕೆ ಹೋಗಬೇಕಾದವಳು ಡಬ್ಲಿನ್ನಿಗೆ ಹೋದದ್ದೇಕೆ? ಬಂಗಾಳದಲ್ಲಿ ಶಾಲೆಗಳನ್ನು ನಡೆಸುತ್ತಿದ್ದ ಲೊರೆಟೊ ಭಗಿನಿಯರ ಮೂಲಮಠ ಅಲ್ಲಿನ ರಾತ್‌ಫಾರ್ನಮ್‌ನಲ್ಲಿತ್ತು. ಅವರ ನಡುವೆ ಬಾಳಲು ಇಂಗ್ಲಿಷ್ ಬೇಕಿತ್ತು. ಆಗ್ನೆಸ್‌ಗೆ ಇಂಗ್ಲಿಷ್ ಏನೇನೂ ಬರುತ್ತಿರಲಿಲ್ಲ. ದಾರಿಯಲ್ಲಿ ಪ್ಯಾರಿಸ್ಸಿನ ಲೊರೆಟೊ ಮನೆಯ ಮುಖ್ಯಸ್ಥೆ ಅವಳನ್ನು ಮಾತನಾಡಿಸಿದ್ದೂ ದುಭಾಷಿಯ ಮೂಲಕವೇ. ತನ್ನ ದೈವಕರೆಯ ವಿಷಯವನ್ನೂ ಮತ್ತೊಬ್ಬರ ಬಾಯಿಂದ ಹೇಳಿಸಬೇಕಾದ ಸ್ಥಿತಿ!

ಭಾಷೆ ಬಾರದ ಊರಿನಲ್ಲಿ ನಾಲ್ಕು ದಿನ ಇದ್ದವರಿಗೆ ಇದರ ಅರ್ಥ ಗೊತ್ತು. ತನ್ನ ಊರಿನಲ್ಲಿ ಜಾಣೆ ಎನಿಸಿಕೊಂಡವಳು ಅಲ್ಲಿ ಮೂರು ವರ್ಷದ ಮಗುವಿಗಿಂತ ಕಡೆ. ಉಪ್ಪು ಬೇಕಾದರೂ ಬೆರಳು ತೋರಿಸಬೇಕು. ಎಲ್ಲರೂ ನಕ್ಕಾಗ ಕಾರಣ ತಿಳಿಯದೆ ತಾನೂ ನಗಬೇಕು. ಹೊಟ್ಟೆನೋವೆಂದರೆ ತೋರಿಸಿ ಹೇಳಬಹುದು. ಮನೆಯ ನೆನಪು ಬಂತೆಂದು ಹೇಗೆ ತೋರಿಸುವುದು? ಅಲ್ಲಿ ಅವಳಿಗೆ ಪದಗಳನ್ನು ಮತ್ತೊಬ್ಬರು ಕೊಟ್ಟರು, ಊಟ ಮತ್ತೊಬ್ಬರು ಬಡಿಸಿದರು. ಕೊನೆಗೆ ಹೆಸರನ್ನೂ ಅಲ್ಲಿಯೇ ಪಡೆದಳು: ಲಿಸ್ಯೂವಿನ ಸಂತ ತೆರೇಸಳ ಹೆಸರಿನಲ್ಲಿ ಸಿಸ್ಟರ್ ಮೇರಿ ತೆರೇಸಾ. ಕೊಡುವ ಮನೆಯಿಂದ ಬಂದವಳು ಪಡೆಯುವವಳಾಗಿದ್ದಳು.

ಇಲ್ಲಿಯೇ ಆ ದಿನಗಳ ಬೆಲೆ ಇದೆ ಎಂದು ನನಗೆ ತೋರುತ್ತದೆ. ಕೊಡುವ ಕೈ ಯಾವಾಗಲೂ ಮೇಲೆ, ಪಡೆಯುವ ಕೈ ಕೆಳಗೆ. ಕೊಡುತ್ತಾ ಕೊಡುತ್ತಾ ನಮಗರಿವಿಲ್ಲದೆಯೇ ನಾವು ಮೇಲಿನವರಾಗಿಬಿಡುತ್ತೇವೆ. ಅಕ್ಕಿ ಚೀಲ ಹಂಚುವಾಗ ಫೋಟೋಗೆ ನಿಲ್ಲುವವರ ಮುಖವನ್ನು ನೋಡಿದ್ದೀರಿ. ಪಕ್ಕದಲ್ಲಿ ಚೀಲ ಹಿಡಿದು ತಲೆ ತಗ್ಗಿಸಿದ ಮುದುಕಿಯ ಮುಖವನ್ನು ಎಷ್ಟು ಜನ ನೋಡಿದ್ದೀರಿ? ಆ ತಗ್ಗಿದ ತಲೆಯೊಳಗೆ ಏನಿದೆ ಎಂಬುದು ಒಮ್ಮೆಯಾದರೂ ಕೈಚಾಚಿ ನಿಂತವರಿಗಷ್ಟೇ ತಿಳಿದೀತು.

ಯೇಸುಸ್ವಾಮಿಯನ್ನು ನೋಡಿ. ಸಮಾರಿಯದ ಬಾವಿಯ ಬಳಿ ಆ ಹೆಂಗಸಿಗೆ ಮೊದಲು ಉಪದೇಶ ಮಾಡಲಿಲ್ಲ. ಕುಡಿಯಲು ನೀರು ಕೇಳಿದರು. ಎಪ್ಪತ್ತೆರಡು ಶಿಷ್ಯರನ್ನು ಕಳುಹಿಸಿದಾಗ ಹಣದ ಚೀಲವನ್ನೂ ಒಯ್ಯಬೇಡಿ, ಜನ ಬಡಿಸಿದ್ದನ್ನು ಉಣ್ಣಿರಿ ಎಂದರು. ಅಂದರೆ ಅವರು ಪ್ರತಿ ಊರಿಗೂ ಮೊದಲು ಅತಿಥಿಗಳಾಗಿ, ಹಸಿದವರಾಗಿ ಹೋಗಬೇಕಾಗಿತ್ತು. ಸ್ವತಃ ದೇವಪುತ್ರರೇ ನಜರೇತಿನ ಮನೆಯಲ್ಲಿ ತಾಯಿಯ ತುಟಿ ನೋಡಿ ಮಾತು ಕಲಿತರಲ್ಲವೇ?

"ಇದೆಲ್ಲ ಸರಿ, ಹಸಿದವನು ನಿಮ್ಮ ವ್ಯಾಕರಣ ಮುಗಿಯುವವರೆಗೆ ಕಾಯುತ್ತಾನೆಯೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಂದೆ ಬಿದ್ದವನನ್ನು ಎತ್ತಲು ಭಾಷೆ ಬೇಡ. ಆದರೆ ಎತ್ತಿದ ಮೇಲೆ ಅವನೊಡನೆ ಬಾಳಲು ಬೇಕು. 1948ರ ಆಗಸ್ಟಿನಲ್ಲಿ ಲೊರೆಟೊ ಮಠದಿಂದ ಹೊರಬಂದಾಗ ತೆರೇಸಮ್ಮನವರು ಮೂವತ್ತೇಳು ವರ್ಷದ ಅನುಭವಿ ಶಿಕ್ಷಕಿ. ಭಾರತಕ್ಕೆ ಬಂದು ಹತ್ತೊಂಬತ್ತು ವರ್ಷ ದಾಟಿತ್ತು. ನೇರವಾಗಿ ಕೊಳೆಗೇರಿಗೆ ನಡೆಯಬಹುದಿತ್ತು. ಆದರೆ ಅವರು ಮೊದಲು ಹೋದದ್ದು ಪಾಟ್ನಾದ ಆಸ್ಪತ್ರೆಗೆ. ಅಲ್ಲಿನ ವೈದ್ಯಕೀಯ ಸೇವೆಯ ಭಗಿನಿಯರಿಂದ ರೋಗಿಗಳ ಆರೈಕೆ ಕಲಿತರು. ತಾನೂ ತನ್ನ ಸಂಗಡಿಗರೂ ಅನ್ನ ಮತ್ತು ಉಪ್ಪಿನಲ್ಲೇ ಬದುಕುತ್ತೇವೆ ಎಂಬ ಯೋಚನೆ ಅವರದಾಗಿತ್ತು. ಹಾಗೆ ತಿಂದರೆ ನೀವೇ ಹಾಸಿಗೆ ಹಿಡಿಯುತ್ತೀರಿ ಎಂದು ಆ ಭಗಿನಿಯರು ತಿದ್ದಿದರು. ಅವರು ವಾದಿಸಲಿಲ್ಲ, ಒಪ್ಪಿಕೊಂಡರು. ಡಬ್ಲಿನ್ನಿನಲ್ಲಿ ಕಲಿತದ್ದು ಬರೀ ಇಂಗ್ಲಿಷ್ ಅಲ್ಲ ಅನಿಸುವುದು ಇಂಥ ಕಡೆ. ಅವರು ಸ್ಥಾಪಿಸಿದ ಸಭೆಯ ಪ್ರತಿ ಪ್ರಾರ್ಥನಾಲಯದಲ್ಲೂ ಶಿಲುಬೆಯ ಪಕ್ಕದಲ್ಲಿ ಬರೆಸಿದ್ದು, ಯೇಸು ಶಿಲುಬೆಯ ಮೇಲಿಂದ ದಾಹವೆಂದು ಹೇಳಿದ ಮಾತನ್ನು. ಅದು ಕೊಡುವವರ ಮಾತಲ್ಲ, ಬೇಡುವವರ ಮಾತು.

ಹಾಗೆಂದು ಪರದೇಶದ ಕಷ್ಟ ತಾನಾಗಿಯೇ ಯಾರನ್ನೂ ಮೃದುಗೊಳಿಸುವುದಿಲ್ಲ. ಅದೇ ಅನುಭವದಿಂದ ಗಟ್ಟಿಯಾಗಿ, ಕಹಿಯಾಗಿ ಹೊರಬರುವವರೂ ಇದ್ದಾರೆ. ಅವಮಾನ ಪಟ್ಟವರೆಲ್ಲ ದಯಾವಂತರಾಗುವುದಿದ್ದರೆ ಅತ್ತೆಯ ಕಾಟ ಅನುಭವಿಸಿದ ಸೊಸೆ ಮುಂದೆ ಒಳ್ಳೆಯ ಅತ್ತೆಯೇ ಆಗಬೇಕಿತ್ತು! ಬಹಳಷ್ಟು ಬರಮಾಡಿಕೊಳ್ಳುವವರ ಮೇಲೆ ನಿಂತಿದೆ. ಆದ್ದರಿಂದ ಈ ವಿಷಯ ನಮ್ಮ ಮನೆ ಬಾಗಿಲಿಗೂ ಬರುತ್ತದೆ. ನಮ್ಮ ಊರಿನ ಕಾನ್ವೆಂಟುಗಳಿಗೆ ಜಾರ್ಖಂಡ್, ಒಡಿಶಾ, ಅಸ್ಸಾಮಿನಿಂದ ಹುಡುಗಿಯರು ಬರುತ್ತಾರೆ. ಬಲಿಪೂಜೆಯಲ್ಲಿ ಅವರು ತಪ್ಪು ತಪ್ಪಾಗಿ ವಾಚನ ಓದಿದಾಗ ಹಿಂದಿನ ಸಾಲಿನಲ್ಲಿ ನಗು ಕೇಳಿಸುತ್ತದೆ. ಪೂಜೆ ಮುಗಿದ ಮೇಲೆ ಅವರ ಬಳಿ ನಿಂತು, "ಊಟ ಆಯ್ತಾ, ಅಮ್ಮ ಚೆನ್ನಾಗಿದ್ದಾರಾ" ಎಂದು ಕೇಳಲು ನಮಗೆ ಎಷ್ಟು ಹೊತ್ತು ಬೇಕು? ಆ ಎರಡು ಮಾತನ್ನು ಅವರು ಇಡೀ ವಾರ ಬಾಯಲ್ಲಿ ಹೇಳಿಕೊಂಡು ಕಲಿಯುತ್ತಾರೆ.

ತಾಯಂದಿರ ಪಾಲಿನ ಮಾತು ಉಳಿದಿದೆ. ಮಗಳ ನಿರ್ಧಾರ ಕೇಳಿದ ದಿನ ದ್ರಾನಾಫಿಲೆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಇಪ್ಪತ್ತನಾಲ್ಕು ಗಂಟೆ ಹೊರಬರಲಿಲ್ಲ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಹೊರಬಂದ ಮೇಲೆ ತಡೆಯಲಿಲ್ಲ. ಝಾಗ್ರೆಬ್ ರೈಲು ನಿಲ್ದಾಣದವರೆಗೂ ಜೊತೆಗೆ ಬಂದು ಬೀಳ್ಕೊಟ್ಟಳು. ಸಿಸ್ಟರ್ ತೆರೇಸಾ 1928ರ ಡಿಸೆಂಬರ್ 1ರಂದು ಹಡಗು ಹತ್ತಿ, ಕೊಲಂಬೊ ಮತ್ತು ಮದ್ರಾಸಿನ ಮೂಲಕ 1929ರ ಜನವರಿ 6ರಂದು ಕಲ್ಕತ್ತಾ ತಲುಪಿದರು. ತಾಯಿ ಮುಂದೆ ಅಲ್ಬೇನಿಯಾದ ಟಿರಾನಾದಲ್ಲಿ ನೆಲೆಸಿದರು. ದೇವರ ಹೆಸರೆತ್ತುವುದನ್ನೂ ನಿಷೇಧಿಸಿದ್ದ ಆ ದೇಶದ ಸರ್ಕಾರ ಮುದುಕಿಯನ್ನು ಹೊರಬಿಡಲಿಲ್ಲ. ಮಗಳು ದೊಡ್ಡ ದೊಡ್ಡವರ ಮೂಲಕ ಕೇಳಿಸಿದರು, ಬೇಡಿದರು, ಪ್ರಯೋಜನವಾಗಲಿಲ್ಲ. ಸಾವಿರಾರು ಅನಾಥರ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಆ ಒಂದು ಹಾಸಿಗೆಯ ಬಳಿಗೆ ಹೋಗಲಾಗಲಿಲ್ಲ. ತಾಯಿ 1972ರ ಜುಲೈನಲ್ಲಿ ತೀರಿಕೊಂಡರು, ಮರುವರ್ಷ ಅಕ್ಕ ಆಗಾ. ಮದರ್ ತೆರೇಸಾ ಟಿರಾನಾಕ್ಕೆ ಕಾಲಿಡಲು ಅನುಮತಿ ಸಿಕ್ಕಿದ್ದು 1989ರಲ್ಲಿ. ಅಲ್ಲಿ ತಾಯಿಯ ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿದರು.