ದೇವರಿಗೆ ಯಾವ ಬುಟ್ಟಿ?

ಬೆಳಗಿನ ಜಾವ ಗರ್ಭಗುಡಿಯ ಬಾಗಿಲು ತೆಗೆದ ಮೇಲೆ ಅರ್ಚಕ ಮಾಡುವ ಮೊದಲ ಕೆಲಸ ಯಾವುದು ಎಂದು ಕೇಳಿದರೆ ಹೆಚ್ಚಿನ ಭಕ್ತರು ಅಭಿಷೇಕ ಎನ್ನುತ್ತಾರೆ. ಅಲ್ಲ. ದೀಪ ಹಚ್ಚಿದ ಮೇಲೆ, ಅಭಿಷೇಕಕ್ಕೆ ಮುಂಚೆ, ನಿರ್ಮಾಲ್ಯ ವಿಸರ್ಜನೆ ಆಗಬೇಕು. ನಿನ್ನೆ ಏರಿಸಿದ ಹೂವು, ಬಾಡಿದ ಬಿಲ್ವ, ಒಣಗಿ ಹಕ್ಕಳೆ ಕಟ್ಟಿದ ಗಂಧ, ಎಲ್ಲವನ್ನೂ ತೆಗೆದು ಪೀಠ ಒರೆಸಬೇಕು; ಗೋಮುಖದಲ್ಲಿ ಎಸಳು ಸಿಕ್ಕಿಕೊಂಡಿದ್ದರೆ ಬೆರಳು ಹಾಕಿ ಬಿಡಿಸಬೇಕು. ಇದನ್ನು ಮಾಡಿದ್ದಕ್ಕೆ ನನ್ನನ್ನು ಯಾರೂ ಕೀಳಾಗಿ ಕಂಡಿಲ್ಲ. ಎದುರಿಗೆ ಬಂದವರು ನಮಸ್ಕಾರ ಮಾಡುತ್ತಾರೆ, ತಟ್ಟೆಗೆ ದಕ್ಷಿಣೆ ಹಾಕುತ್ತಾರೆ. ಅದೇ ಹೊತ್ತಿನಲ್ಲಿ, ಅದೇ ಹೂವನ್ನು, ತೇರಿನ ಬೀದಿಯಲ್ಲಿ ಪೊರಕೆ ಹಿಡಿದು ಗುಡಿಸುವ ಹೆಣ್ಣುಮಗಳು ಕುಡಿಯಲು ನೀರು ಕೇಳಿದರೆ ಚೊಂಬನ್ನು ಎತ್ತರಕ್ಕೆ ಹಿಡಿದು ಸುರಿಯುವ ಮನೆಗಳು ನಮ್ಮ ಬೀದಿಯಲ್ಲಿ ಇನ್ನೂ ಇವೆ. ಒಳಗೆ ಪೂಜೆಯ ಅಂಗವಾದದ್ದು ಹೊರಗೆ ಹೀನವಾಗುವುದು ಯಾವ ಶಾಸ್ತ್ರದ ಪ್ರಕಾರ? ಅಪ್ಪನಿಂದ ಪೂಜೆ ವಹಿಸಿಕೊಂಡಂದಿನಿಂದ ಇದು ನನ್ನನ್ನು ಕಾಡುತ್ತಿದೆ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಪಟ್ಟಣ, ಈಶ್ವರನ ಗುಡಿ. ಪಕ್ಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ಕವಲೊಂದು ಹರಿಯುತ್ತದೆ. ಹಳಬರು ಈಗಲೂ ಇರ್ವಿನ್ ನಾಲೆ ಅಂತಲೇ ಅನ್ನುತ್ತಾರೆ. ಕನ್ನಂಬಾಡಿಯಿಂದ ಬರುವ ಕಾವೇರಿ ನೀರು ಅದು. ಹಾಗಾಗಿ ಅದು ನಾಲೆಯೂ ಹೌದು, ತೀರ್ಥವೂ ಹೌದು. ಶುಕ್ರವಾರದ ಪೂಜೆ ಮುಗಿದ ಮಾರನೆಯ ದಿನ ಸೇತುವೆ ಮೇಲೆ ಸ್ಕೂಟರ್ ನಿಲ್ಲಿಸಿ, ನಿರ್ಮಾಲ್ಯ ತುಂಬಿದ ಪ್ಲಾಸ್ಟಿಕ್ ಕವರನ್ನು ಗಂಟು ಹಾಕಿ ಎಸೆದು, ಕೈ ಮುಗಿದು ಹೋಗುತ್ತಾರೆ. ಕವರು ನೀರಿನಲ್ಲಿ ತೇಲಿ ಹೋಗಿ ಕೆಳಗಿನ ತೂಬಿಗೆ ಅಡ್ಡ ಕೂರುತ್ತದೆ. ಅದನ್ನು ಕೋಲಿನಲ್ಲಿ ಎಳೆದು ದಡಕ್ಕೆ ಹಾಕುವವನು ನೀರುಗಂಟಿ. ನಾಲೆಗೆ ನೀರು ನಿಲ್ಲಿಸಿದಾಗ ಒಮ್ಮೆ ಆ ಕಡೆ ಹೋಗಿ ನೋಡಿ. ತೆಂಗಿನ ಚಿಪ್ಪು, ಕೈ ಮುರಿದ ಗೊಂಬೆ, ಕನ್ನಡಿ ಒಡೆದ ಲಕ್ಷ್ಮಿ, ಕಳೆದ ವರ್ಷದ ಕ್ಯಾಲೆಂಡರಿನ ಸುಬ್ರಹ್ಮಣ್ಯ, ಎಲ್ಲರೂ ಕೆಸರಿನಲ್ಲಿ ಮಲಗಿರುತ್ತಾರೆ.

ಎಸೆಯುವವರು ನಾಸ್ತಿಕರಲ್ಲ, ಅಸಡ್ಡೆಯವರೂ ಅಲ್ಲ. ದೇವರಿಗೆ ಏರಿಸಿದ್ದನ್ನು ಕಸದ ಬುಟ್ಟಿಗೆ ಹಾಕಬಾರದೆಂಬ ಭಯಭಕ್ತಿಯಿಂದಲೇ ಇಷ್ಟು ದೂರ ಬರುತ್ತಾರೆ. ಶಾಸ್ತ್ರ ಹೇಳಿದ್ದೂ ಅದನ್ನೇ: ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೋ ಹರಿಯುವ ನೀರಿಗೋ ಬಿಡಬೇಕು. ಹೂ ಕದಿಯಲು ರಾಜನ ತೋಟಕ್ಕೆ ಬರುತ್ತಿದ್ದ ಪುಷ್ಪದಂತನೆಂಬ ಗಂಧರ್ವ ಗೊತ್ತಿಲ್ಲದೆ ಶಿವನಿರ್ಮಾಲ್ಯ ತುಳಿದು ತನ್ನ ಶಕ್ತಿ ಕಳೆದುಕೊಂಡ. ಶಿವಮಹಿಮ್ನ ಸ್ತೋತ್ರ ಹುಟ್ಟಿದ ಕಥೆಯೇ ಅದು. ಆ ಕಥೆ ಕಟ್ಟಿದವರ ಕಾಲದಲ್ಲಿ ನಿರ್ಮಾಲ್ಯವೆಂದರೆ ಹೂವು, ಎಲೆ, ಅಕ್ಷತೆ. ನೀರಿಗೆ ಬಿಟ್ಟರೆ ಮೀನು ತಿನ್ನುತ್ತಿತ್ತು, ಮಣ್ಣಿಗೆ ಬಿಟ್ಟರೆ ಮಣ್ಣಾಗುತ್ತಿತ್ತು. ಈಗಿನ ಕವರಿನಲ್ಲಿ ಹೂವಿನ ಜೊತೆ ನೈಲಾನ್ ದಾರ, ಕರ್ಪೂರದ ಡಬ್ಬಿ, ದೀಪದ ಎಣ್ಣೆಯ ಪ್ಯಾಕೆಟ್ಟು, ಜರಿ ಹಾಳೆ, ಥರ್ಮಾಕೋಲಿನ ಮಂಟಪದ ಚೂರು ಇರುತ್ತವೆ. ಶಾಸ್ತ್ರದ ಅಕ್ಷರ ಹಾಗೇ ಇದೆ, ಪದಾರ್ಥ ಬದಲಾಗಿದೆ.

ಗುಡಿಯ ಎದುರಿನ ಅರಳಿಕಟ್ಟೆಯದು ಇನ್ನೊಂದು ಕಥೆ. ಮನೆ ಬದಲಾಯಿಸುವವರು, ಹಿರಿಯರು ತೀರಿಹೋದ ಮೇಲೆ ದೇವರ ಕೋಣೆ ಖಾಲಿ ಮಾಡುವವರು, ಹಳೇ ಪಟಗಳನ್ನು ತಂದು ಅಲ್ಲಿ ಒರಗಿಸಿ ಹೋಗುತ್ತಾರೆ. ಮಳೆಗೆ ರಟ್ಟು ಉಬ್ಬುತ್ತದೆ, ಗಾಜು ಜಾರುತ್ತದೆ, ನಾಯಿ ಬಂದು ಮಲಗುತ್ತದೆ. ಒಂದು ದಿನ ನಮ್ಮ ವಾರ್ಡಿನ ಪೌರಕಾರ್ಮಿಕ ಹೆಣ್ಣುಮಗಳು ಒಂದು ಪಟ ಹಿಡಿದುಕೊಂಡು ಗುಡಿಯ ಬಾಗಿಲಿಗೇ ಬಂದಳು.

"ಅಯ್ನೋರೆ, ಇದ ನಾ ಹೆಂಗ್ ಗಾಡಿಗಾಕ್ಲಿ? ನಮ್ಮನೇಲೂ ಇದೇ ಪಟ ಅದೆ."

"ಹಾಗಾದ್ರೆ ಇಷ್ಟು ದಿನ ಏನು ಮಾಡ್ತಿದ್ದೆಯಮ್ಮ?"

"ದಫೇದಾರ್ರು ಬೈತಾರೆ ಅಂತ ಹಾಕ್ತಿದ್ದೆ. ಕೈ ಮುಕ್ಕೊಂಡು ಹಾಕ್ತಿದ್ದೆ."

ಗಾಜಿನ ಚೂರು ತಾಗಿ ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಪಟ ಬಿಟ್ಟುಹೋದವರ ಪಾಪಭಯವನ್ನೆಲ್ಲ ನಾವು ಅವಳ ತಲೆಗೆ ಕಟ್ಟಿದ್ದೆವು. ಆ ಮನೆಯವರಿಗೆ ದೇವರನ್ನು ಕಸಕ್ಕೆ ಹಾಕಿದ ದೋಷ ಬರಲಿಲ್ಲ, ಏಕೆಂದರೆ ಅವರು ಕಟ್ಟೆಯ ಮೇಲೆ 'ಇಟ್ಟರು'. ಹಾಕಿದವಳು ಇವಳು. ನನ್ನ ಮಟ್ಟಿಗೆ ಇದು ಊರ ನೈರ್ಮಲ್ಯದ ಪ್ರಶ್ನೆಗಿಂತ ಮೊದಲು ಧರ್ಮದ ಪ್ರಶ್ನೆ: ನನ್ನ ಕರ್ಮದ ಕೊನೆಯ ಭಾಗವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ ನಾನು ಶುದ್ಧನಾಗಿ ಉಳಿಯಬಹುದೇ?

ಸರ್ಕಾರದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. 2016ರ ಘನತ್ಯಾಜ್ಯ ನಿಯಮ ಬಂದಾಗ ಹಸಿ, ಒಣ, ಅಪಾಯಕಾರಿ ಎಂದು ಮನೆಯ ಕಸವನ್ನು ಮೂರು ಮಾಡಿ ಕೊಡಿ ಎಂದರು. ದೇವರಿಗೆ ಬುಟ್ಟಿ ಇರಲಿಲ್ಲ. ಗಾಜು, ಮರ, ರಟ್ಟು, ಕಾಗದ ಎಂದು ಬಿಚ್ಚಿದರೆ ಪಟವೂ ಒಣ ಕಸವೇ. ಆದರೆ ಬಿಚ್ಚಲು ಯಾರಿಗೆ ಧೈರ್ಯ?

ಇಲ್ಲಿ ಆಗಮ ನನ್ನ ನೆರವಿಗೆ ಬಂತು. ಕಲ್ಲಿನ ವಿಗ್ರಹವೂ ಪ್ರತಿಷ್ಠೆಯಾಗುವವರೆಗೆ ಕಲ್ಲೇ. ಭಿನ್ನವಾದ ವಿಗ್ರಹವನ್ನು ತೆಗೆಯುವಾಗ ಅದರ ಕಳೆಯನ್ನು ಕುಂಭಕ್ಕೆ ಆವಾಹಿಸಿಕೊಂಡು, ಆಮೇಲೆ ಆ ಕಲ್ಲನ್ನು ಆಳವಾದ ನೀರಿಗೆ ಬಿಡುವ ವಿಧಿಯಿದೆ. ಮನೆಯ ಗಣಪತಿಗೂ ಅಕ್ಷತೆ ಹಾಕಿ ಉದ್ವಾಸನೆ ಮಾಡಿದ ಮೇಲೆಯೇ ಕೆರೆಗೆ ಕಳಿಸುವುದು. ಬರಮಾಡಿಕೊಂಡ ದೇವರನ್ನು ಬೀಳ್ಕೊಡುವ ದಾರಿ ನಮ್ಮಲ್ಲಿ ಮೊದಲಿನಿಂದ ಇದೆ. ಅಚ್ಚಿನ ಪಟ ಮಾತ್ರ ಹೊಸತು. ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದು 1894ರಲ್ಲಿ. ಬಣ್ಣದ ದೇವರು ಬಡವರ ಗೋಡೆಗೂ ಬಂದದ್ದು ಅಲ್ಲಿಂದೀಚೆಗೆ. ಪಟಕ್ಕೆ ಪ್ರತಿಷ್ಠೆ ಯಾರೂ ಮಾಡಿಲ್ಲ, ನಿಜ. ಆದರೆ ಒಬ್ಬಳು ತಾಯಿ ನಲವತ್ತು ವರ್ಷ ಅದರ ಮುಂದೆ ದೀಪ ಹಚ್ಚಿದ್ದರೆ ಅದು ಬರೀ ಕಾಗದ ಅಂತ ನಾನು ಹೇಳಲಾರೆ. ಅದಕ್ಕೇ ಪಟ ತಂದವರನ್ನೇ ಕೂರಿಸಿ, ಅವರ ಕೈಯಿಂದಲೇ ಅಕ್ಷತೆ ಹಾಕಿಸಿ ಉದ್ವಾಸನೆ ಮಾಡಿಸುತ್ತೇನೆ. ಆಮೇಲೆ ಸ್ಕ್ರೂಡ್ರೈವರ್ ಅವರ ಕೈಗೇ ಕೊಡುತ್ತೇನೆ. ಗಾಜು ಗೋಣಿಚೀಲಕ್ಕೆ, ಚೌಕಟ್ಟು ನೈವೇದ್ಯದ ಒಲೆಗೆ, ಕಾಗದ ನೀರಿನಲ್ಲಿ ನೆನೆದು ಬಿಲ್ವದ ಮರದ ಬುಡಕ್ಕೆ. ಬಣ್ಣ ಬಳಿದ ಚೌಕಟ್ಟನ್ನು ಉರಿಸುವುದಿಲ್ಲ, ಅದು ಒಣ ಕಸ. ಲ್ಯಾಮಿನೇಷನ್ ಮಾಡಿದ ಪಟ ಬಂದರೆ ಮಾತ್ರ ನನಗೂ ಕೈ ಕಟ್ಟುತ್ತದೆ. ನೀರಿಗೂ ಜಗ್ಗದು, ಮಣ್ಣಿಗೂ ಜಗ್ಗದು.

ಪಕ್ಕದೂರಿನ ಅರ್ಚಕರೊಬ್ಬರು, ನಮ್ಮ ಬಂಧುಗಳೇ, "ಗುಡಿಯನ್ನು ಗುಜರಿ ಅಂಗಡಿ ಮಾಡಿದೆಯಲ್ಲೋ" ಎಂದರು. ಮಡಿ ಕೆಡುತ್ತದೆ ಎನ್ನುವುದು ಅವರ ಆಕ್ಷೇಪ. ಮಡಿ ಎಂದರೆ ಮುಟ್ಟದಿರುವುದು ಎಂದುಕೊಂಡರೆ ಅವರ ಮಾತು ಸರಿ. ಆದರೆ ಮುಟ್ಟದೆ ಉಳಿಯುವವನಿಗೆ ಮುಟ್ಟುವವನೊಬ್ಬ ಸದಾ ಬೇಕು. ಅಂಥ ಶುದ್ಧಿ ಇನ್ನೊಬ್ಬರಿಂದ ತಂದ ಸಾಲ, ಅದನ್ನು ನಾವು ಯಾವತ್ತೂ ತೀರಿಸಿಲ್ಲ.

ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಶಾಲು ಹೊದಿಸಿ, ಕಾಯಕದ ಮಹಿಮೆ ಹೊಗಳಿ, ನೀವೇ ನಿಜವಾದ ದೇವರು ಎನ್ನುವ ಭಾಷಣಗಳನ್ನು ಕೇಳಿದ್ದೇನೆ. ಅಂಗಳ ಗುಡಿಸುವ ಕಾಯಕದ ಶರಣೆ ಸತ್ಯಕ್ಕನ ಹೆಸರೂ ಆ ವೇದಿಕೆಗೆ ಬರುತ್ತದೆ. ಸತ್ಯಕ್ಕ ತಾನಾಗಿ ಆ ಕಾಯಕ ಹಿಡಿದವಳು. ಹುಟ್ಟಿದ ಜಾತಿಯಿಂದ ಪೊರಕೆ ಕೈಗೆ ಬಂದವರ ಪಾಡು ಬೇರೆ. ಜಾಡಮಾಲಿ ಕೆಲಸವನ್ನು ಶ್ರೇಷ್ಠ ಸೇವೆ ಎಂದು ಹೊಗಳುವುದರಲ್ಲಿರುವ ಮೋಸವನ್ನು ಅಂಬೇಡ್ಕರ್ 1945ರಷ್ಟು ಹಿಂದೆಯೇ ಬಯಲು ಮಾಡಿದ್ದರು. ಕೈಗವಸು, ಬೂಟು, ಹೊತ್ತಿಗೆ ಸರಿಯಾಗಿ ಸಂಬಳ ಕೊಡದೆ ಕೊಡುವ ದೇವರ ಪಟ್ಟ ಯಾರಿಗೂ ಬೇಡ. ಆ ಹೆಣ್ಣುಮಗಳಿಗೆ ನಾನು ದೇವರಾಗು ಅನ್ನಲಿಲ್ಲ, ಅವಳು ಕೇಳಲೂ ಇಲ್ಲ. ಗಾಜನ್ನು ಬೇರೆ ಚೀಲದಲ್ಲಿ ಕೊಡಿ ಎಂದಳು, ಅಷ್ಟೆ.

ನಗರಸಭೆಗಳು ಮಾಡುವ ಜಾಗೃತಿ ಸೋಲುವುದು ಎಲ್ಲಿ ಅಂತಲೂ ನನಗೆ ಇದರಿಂದ ತಿಳಿಯಿತು. ಮಕ್ಕಳ ಜಾಥಾ, ಗೋಡೆಬರಹ, ಟಿಪ್ಪರಿನ ಹಾಡು, ದಂಡದ ಬೋರ್ಡು, ಎಲ್ಲವೂ ಜನಕ್ಕೆ ಗೊತ್ತಿಲ್ಲ ಎಂದುಕೊಂಡು ಮಾತಾಡುತ್ತವೆ. ಜನಕ್ಕೆ ಗೊತ್ತಿದೆ. ದುರ್ಯೋಧನನಿಗೂ ಧರ್ಮ ಗೊತ್ತಿತ್ತು. ಗೋಡೆಗೆ ದೇವರ ಟೈಲ್ಸ್ ಅಂಟಿಸಿ ಉಚ್ಚೆ ಹೊಯ್ಯುವವರನ್ನು ತಡೆಯುತ್ತೇವಲ್ಲ, ಅದೂ ಭಯದ ಪಾಠವೇ. ಟೈಲ್ಸ್ ಇಲ್ಲದ ಪಕ್ಕದ ಗೋಡೆ ನಾರುತ್ತದೆ. ಸೇತುವೆಯ ಬಳಿ ನಿರ್ಮಾಲ್ಯಕ್ಕೆಂದು ಒಂದು ಡ್ರಮ್ ಇಟ್ಟಿದ್ದರು. ನೋಡಲು ಕಸದ ಡ್ರಮ್ಮಿನಂತೆಯೇ ಇತ್ತು. ಅದರಲ್ಲಿ ಬಿದ್ದದ್ದು ಗುಟ್ಕಾ ಪ್ಯಾಕೆಟ್ಟು. ಅದನ್ನೇ ತಂದು ತೊಳೆದು ಒಳಪ್ರಾಕಾರದಲ್ಲಿ, ಚಂಡಿಕೇಶ್ವರನ ಸನ್ನಿಧಿಯ ಹತ್ತಿರ ಇಡಿಸಿದೆ. ಶಿವನ ನಿರ್ಮಾಲ್ಯದ ಒಡೆಯ ಅವನೇ ತಾನೆ. ಈಗ ಮನೆಯ ಹೂವೂ ಅಲ್ಲಿಗೆ ಬರುತ್ತದೆ.

ಗಾಡಿಯ ಹೊತ್ತಿನದೂ ಒಂದು ಮಾತಿದೆ. ಟಿಪ್ಪರ್ ಬರುವುದು ಏಳು ಗಂಟೆಗೆ. ಹಬ್ಬದ ದಿನ ಆ ಹೊತ್ತಿಗೆ ಮನೆಯ ಹೆಂಗಸರು ಮಡಿಯಲ್ಲಿರುತ್ತಾರೆ, ಕಸದ ಬುಟ್ಟಿ ಮುಟ್ಟುವುದಿಲ್ಲ. ಪೂಜೆ ಮುಗಿದು ನಿರ್ಮಾಲ್ಯ ಹೊರಬೀಳುವುದು ಮಾರನೆಯ ದಿನ ಸ್ನಾನದ ಮೇಲೆ. ಆಗ ಗಾಡಿ ಹೋಗಿಯಾಗಿರುತ್ತದೆ, ನಾಲೆ ಮಾತ್ರ ಅಲ್ಲೇ ಇರುತ್ತದೆ. ಆಯುಧಪೂಜೆಯ ಮಾರನೆಯ ಬೆಳಿಗ್ಗೆಯಂತೂ ರಸ್ತೆ ತುಂಬ ಕುಂಕುಮ ಮೆತ್ತಿದ ಬೂದುಗುಂಬಳ, ಬಾಳೆಕಂದು. ತಮ್ಮ ಗಾಡಿಗೂ ಪೊರಕೆಗೂ ಪೂಜೆ ಮಾಡಿದವರೇ ಊರವರೆಲ್ಲರ ಪೂಜೆಯನ್ನು ಬಾಚಬೇಕು. ಹಬ್ಬದ ಮಾರನೆಯ ದಿನ ಸಂಜೆಯೊಂದು ಗಾಡಿ ಬಿಡಿ ಎಂದು ಆರೋಗ್ಯ ನಿರೀಕ್ಷಕರಿಗೆ ಅರ್ಜಿ ಕೊಟ್ಟಿದ್ದೇನೆ. ಇತ್ತ ಸತ್ಯನಾರಾಯಣ ಪೂಜೆಗೆ ಮನೆಗಳಿಗೆ ಹೋದಾಗ ಮಂಗಳಾರತಿ ಮುಗಿಸಿ ಏಳುವುದಿಲ್ಲ. ದಾರ ಕತ್ತರಿಸಿ, ಕವರು ಬೇರೆ ಮಾಡಿ, ಹೂವನ್ನು ಗಿಡಕ್ಕೆ ಹಾಕಿದ ಮೇಲೆಯೇ ವ್ರತ ಮುಗಿದ ಹಾಗೆ ಎಂದು ಯಜಮಾನನ ಕೈಯಲ್ಲೇ ಮಾಡಿಸುತ್ತೇನೆ. ಕೆಲವರು ಗೊಣಗುತ್ತಾರೆ. ಹೆಂಗಸರು ನಗುತ್ತಾರೆ, ಗಂಡ ಕಸ ಮುಟ್ಟಿದ್ದು ಅದೇ ಮೊದಲಂತೆ.

ಉಳಿದಿರುವುದು ದಾರದ ಜಗಳ. ಮೊದಲು ಹಾರ ಕಟ್ಟುತ್ತಿದ್ದದ್ದು ಬಾಳೆನಾರಿನಲ್ಲಿ. ಗೊಬ್ಬರದ ಗುಂಡಿ ಬಗೆದರೆ ಈಗ ಹೂವೆಲ್ಲ ಮಣ್ಣಾಗಿ ನೈಲಾನ್ ಸಿಕ್ಕು ಮಾತ್ರ ಮೇಲೆ ಬರುತ್ತದೆ. ಗುಡಿ ಮುಂದೆ ಹೂ ಮಾರುವವಳನ್ನು ಕೇಳಿದೆ. "ನಾರ ನೆನೆಸಿ ಸೀಳೋಕೆ ಯಾರವ್ರೆ ಅಯ್ನೋರೆ? ದಾರದುಂಡೆ ತಂದ್ರೆ ವಾರ ಬತ್ತದೆ" ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ನಾರು ಸೀಳಿಸುವ ಕೂಲಿಯನ್ನು ಗುಡಿಯೇ ಕೊಡಲಿ ಎಂದು ಸಮಿತಿಯ ಮುಂದಿಟ್ಟೆ. ಖಜಾಂಚಿಯವರು ಲೆಕ್ಕದ ಪುಸ್ತಕ ಬಿಚ್ಚಿ, ಇದನ್ನು ಸ್ವಚ್ಛತೆಯ ಬಾಬ್ತಿಗೆ ಬರೆಯಲೋ ಪೂಜೆಯ ಬಾಬ್ತಿಗೋ ಎಂದು ಕೇಳಿದರು. ಪೂಜೆಯ ಬಾಬ್ತಿಗೆ ಎಂದೆ. ಮುಜರಾಯಿ ಆಡಿಟ್‌ನವರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಎಂಬುದು ಈಗ ಅವರ ಚಿಂತೆ.