ಆವಾಹನೆಯಿಲ್ಲದ ತೆರೆ, ವಿಸರ್ಜನೆಯಿಲ್ಲದ ಮೂರ್ತಿ

ಬೇಸಿಗೆ ರಜೆಯಲ್ಲಿ ವಸ್ತುಸಂಗ್ರಹಾಲಯವೊಂದು ಚಿತ್ರಪ್ರದರ್ಶನ, ಉಪನ್ಯಾಸಗಳನ್ನು ಏರ್ಪಡಿಸಿದಾಗ ಒಬ್ಬನೇ ದೇವರು ಮೂರು ಬಗೆಯಲ್ಲಿ ಎದುರಾಗಬಹುದು. ಗ್ಯಾಲರಿಯಲ್ಲಿ ಅವನು ಕಾಲ, ಶೈಲಿ, ಸಿಕ್ಕ ಊರು ಬರೆದ ಫಲಕದ ಪಕ್ಕದ ಕಲ್ಲು ಅಥವಾ ಕಂಚು. ಉಪನ್ಯಾಸದಲ್ಲಿ ಇತಿಹಾಸದ ಸಾಕ್ಷಿ. ಪುರಾಣಚಿತ್ರದ ತೆರೆಯ ಮೇಲೆ ನಡೆದಾಡುವ, ನುಡಿಯುವ ದೈವ. ಮೂರೆಡೆಯೂ ಅರ್ಚಕರಿಲ್ಲ, ನೈವೇದ್ಯವಿಲ್ಲ. ಆದರೂ ಕೆಲವರು ಕೈ ಮುಗಿಯುತ್ತಾರೆ. ಹಾಗಾದರೆ ಸಾನ್ನಿಧ್ಯ ಇರುವುದು ವಸ್ತುವಿನಲ್ಲೋ, ವಿಧಿಯಲ್ಲೋ, ನೋಡುವವರ ಭಾವದಲ್ಲೋ?

ಆಗಮಗಳ ಉತ್ತರ ವಿಧಿಯ ಪರ. ಶಿಲ್ಪಿ ಕಡೆದುಕೊಟ್ಟದ್ದು ಬರಿಯ ಬಿಂಬ. ಪ್ರಾಣಪ್ರತಿಷ್ಠೆಯಾದ ಮೇಲೆ ಅದು ದೇವರು. ಮೂರ್ತಿ ಭಿನ್ನವಾದರೆ ಶಕ್ತಿಯನ್ನು ಕಲಶಕ್ಕೆ ಇಳಿಸಿ, ಕಲ್ಲನ್ನು ನೀರಿಗೆ ಬಿಡುವ ಕ್ರಮವೂ ಇದೆ. ಮನೆಮನೆಯ ಗಣೇಶನ ಹಬ್ಬದಲ್ಲಿ ಕಾಣುವುದು ಇದೇ ತತ್ವ: ಮಣ್ಣು ಆವಾಹನೆಯಿಂದ ದೇವರಾಗುತ್ತದೆ, ವಿಸರ್ಜನೆಯಿಂದ ಮತ್ತೆ ಮಣ್ಣಾಗುತ್ತದೆ.

ದರ್ಶನಕಾರರಲ್ಲಿ ಒಮ್ಮತವಿರಲಿಲ್ಲ. ಮೀಮಾಂಸೆಯ ಭಾಷ್ಯಕಾರ ಶಬರನ ಪ್ರಕಾರ ದೇವತೆಗೆ ಶರೀರವಿಲ್ಲ, ಅದು ಹವಿಸ್ಸನ್ನು ಉಣ್ಣುವುದಿಲ್ಲ, ಆಸ್ತಿಗೆ ಒಡೆಯನೂ ಅಲ್ಲ. ‘ದೇವರ ಹೊಲ’ ಎಂಬುದು ಉಪಚಾರದ ಮಾತು. ನೈಯಾಯಿಕ ಉದಯನ ಎರಡು ದಾರಿ ತೋರಿದ. ಪ್ರತಿಷ್ಠೆಯಿಂದ ದೇವತೆಗೆ ಆ ಮೂರ್ತಿಯಲ್ಲಿ ‘ನಾನು’, ‘ನನ್ನದು’ ಎಂಬ ಅಭಿಮಾನ ಮೂಡುತ್ತದೆ ಎಂಬುದು ಒಂದು. ದೇವತೆಯ ಚೈತನ್ಯವನ್ನು ಒಪ್ಪದವರಿಗೆ, ಇದು ಹಿಂದಿನಿಂದ ಪೂಜೆಗೊಂಡದ್ದು ಎಂದು ಭಕ್ತರು ಗುರುತಿಸುವುದೇ ಆಧಾರ ಎಂಬುದು ಇನ್ನೊಂದು.

ವಸ್ತುಸಂಗ್ರಹಾಲಯದ ತೊಡಕು ಹುಟ್ಟುವುದು ಇಲ್ಲಿಯೇ. ಅಲ್ಲಿಗೆ ಬಂದ ಮೂರ್ತಿಗಳಲ್ಲಿ ಬಹುಪಾಲು ವಿಸರ್ಜನೆಗೊಂಡು ಬಂದವಲ್ಲ. ಗುಡಿ ಪಾಳುಬಿದ್ದು, ಕಳವಾಗಿ, ಇಲ್ಲವೇ ನೆಲದಡಿ ಹೂತು ಹೋಗಿ ಬಂದವು. 1917ರಲ್ಲಿ ಪಟ್ನಾದ ದೀದಾರ್‌ಗಂಜ್‌ನಲ್ಲಿ ಗಂಗೆಯ ದಡದಲ್ಲಿ ಸಿಕ್ಕ ಚಾಮರಧಾರಿಣಿಯನ್ನು ಊರವರು ಪೂಜಿಸತೊಡಗಿದ್ದರು. ಚಾಮರ ಹಿಡಿದವಳು ಪರಿಚಾರಿಕೆಯೇ ಹೊರತು ದೇವಿಯಲ್ಲ ಎಂಬ ವಾದದ ಮೇಲೆ ಅದು ಸಂಗ್ರಹಾಲಯ ಸೇರಿತು. ಪೂಜ್ಯತೆಯನ್ನು ಅಲ್ಲಿ ತೀರ್ಮಾನಿಸಿದ್ದು ಮೂರ್ತಿಶಾಸ್ತ್ರ, ಪೂಜಿಸಿದವರಲ್ಲ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ನೆಲದಡಿ ದೊರೆತ ನಟರಾಜ ಕಳ್ಳಸಾಗಣೆಯಾಗಿ ಲಂಡನ್ ಸೇರಿದಾಗ ವಿಚಾರ ತಿರುವುಮುರುವಾಯಿತು. ಪಾಳುಬಿದ್ದ ದೇಗುಲವೂ ವಾದಿಯಾಗಿ ನಿಲ್ಲಬಹುದೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಒಪ್ಪಿತು. ಅದೇ ವರ್ಷ ಮೂರ್ತಿ ಭಾರತಕ್ಕೆ ಮರಳಿತು. ಶಬರ ಒಪ್ಪದಿದ್ದ ದೇವರ ಒಡೆತನಕ್ಕೆ ಆಧುನಿಕ ಕಾನೂನು ಜಾಗ ಕೊಟ್ಟಿತು. ಬೌದ್ಧರಲ್ಲೂ ಇಂಥ ಮರಳಿಕೆಯಿದೆ: ಬುದ್ಧನ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರ ಅಸ್ಥಿಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಿಂದ ಹಿಂದಿರುಗಿ 1952ರಲ್ಲಿ ಸಾಂಚಿಯ ವಿಹಾರದಲ್ಲಿ ನೆಲೆಗೊಂಡವು.

ತೆರೆಯ ಪ್ರಶ್ನೆ ಇದಕ್ಕೆ ತದ್ವಿರುದ್ಧ. ಅಲ್ಲಿ ಆವಾಹನೆಯೇ ನಡೆದಿಲ್ಲ. ಏಸುವಿನ ಜೀವನದ ಚಿತ್ರವೊಂದನ್ನು ಮುಂಬಯಿಯಲ್ಲಿ ನೋಡಿದ ದಾದಾಸಾಹೇಬ್ ಫಾಲ್ಕೆಗೆ ರಾಮ, ಕೃಷ್ಣರನ್ನೂ ಹೀಗೆ ತೋರಿಸಬೇಕೆನಿಸಿತು. 1913ರಲ್ಲಿ ‘ರಾಜಾ ಹರಿಶ್ಚಂದ್ರ’, 1917ರಲ್ಲಿ ‘ಲಂಕಾದಹನ’ ಬಂದವು. ಎರಡನೆಯದರಲ್ಲಿ ರಾಮ, ಸೀತೆ ಇಬ್ಬರ ಪಾತ್ರವನ್ನೂ ಮಾಡಿದವನು ಸಾಳುಂಕೆ ಎಂಬ ಒಬ್ಬನೇ ನಟ. ಆದರೂ ರಾಮ ಕಾಣಿಸಿಕೊಂಡಾಗ ಪ್ರೇಕ್ಷಕರು ಕೈ ಮುಗಿದರೆಂದು ಚಲನಚಿತ್ರ ಚರಿತ್ರೆ ಹೇಳುತ್ತದೆ. 1975ರ ‘ಜೈ ಸಂತೋಷಿ ಮಾ’ ನೋಡಲು ಬಂದವರು ಚಪ್ಪಲಿ ಕಳಚಿಟ್ಟು, ತೆರೆಯತ್ತ ಹೂ, ನಾಣ್ಯ ಎಸೆದರು. ಶುಕ್ರವಾರದ ವ್ರತ ಮನೆಮನೆಗೆ ಹಬ್ಬಿತು. ಉದಯನ ಹೇಳಿದಂಥ ಪೂಜೆಯ ಪೂರ್ವಸ್ಮೃತಿ ತೆರೆಯ ಬಿಳಿಬಟ್ಟೆಗೆ ಇರಲಾರದು. ಭಕ್ತರು ಗುರುತಿಸಿದ್ದು ತಮಗೆ ಮೊದಲೇ ಪರಿಚಿತವಾದ ರೂಪವನ್ನು, ಕಥೆಯನ್ನು.

ಆದರೆ ದರ್ಶನವೆಂದರೆ ಭಕ್ತ ದೇವರನ್ನು ನೋಡುವುದಷ್ಟೇ ಅಲ್ಲ, ದೇವರ ದೃಷ್ಟಿ ಭಕ್ತನ ಮೇಲೆ ಬೀಳುವುದೂ ಹೌದು. ಉಡುಪಿಯ ಕೃಷ್ಣನನ್ನು ಭಕ್ತರು ಕಾಣುವುದು ಒಂಬತ್ತು ರಂಧ್ರಗಳ ಕಿಂಡಿಯ ಮೂಲಕ. ಕನಕದಾಸರಿಗಾಗಿ ಗೋಡೆ ಬಿರಿದು ಕೃಷ್ಣನೇ ತಿರುಗಿದನೆಂಬ ಐತಿಹ್ಯದಲ್ಲಿ ಆ ಎರಡನೆಯ ನೋಟಕ್ಕೇ ಬೆಲೆ. ಚೌಕಟ್ಟಿನೊಳಗಿಂದ ನೋಡುವುದು ಸಂಪ್ರದಾಯಕ್ಕೆ ಹೊಸದಲ್ಲ. ತೆರೆಯ ಚೌಕಟ್ಟಿನಾಚೆಗೆ ಮಾತ್ರ ತಿರುಗಿ ನೋಡುವ ಪ್ರತಿಷ್ಠಿತ ಮೂರ್ತಿಯಿಲ್ಲ, ಬೆಳಕಿದೆ.

ಹೀಗೆ ಮೂರು ಉತ್ತರಗಳಿಗೂ ತಮ್ಮ ತಮ್ಮ ಎಲ್ಲೆಯಿದೆ. ವಿಧಿಯೊಂದನ್ನೇ ನಂಬಿದರೆ ಚಿತ್ರಮಂದಿರದ ನಮಸ್ಕಾರ ಭ್ರಮೆಯಾಗುತ್ತದೆ. ಭಾವವೊಂದೇ ಸಾಕೆಂದರೆ ಪತ್ತೂರಿನ ನಟರಾಜ ತನ್ನ ಊರಿಗೆ ಮರಳಬೇಕಾದ ಕಾರಣ ಉಳಿಯುವುದಿಲ್ಲ. ವಸ್ತುವೇ ಎಲ್ಲವಾದರೆ ಗಣೇಶನನ್ನು ನೀರಿಗೆ ಬಿಡಲಾಗದು. ವಿಸರ್ಜನೆಯಾಗದ ಮೂರ್ತಿಗೆ ಒಂದು ಹಕ್ಕಿದೆ. ಆವಾಹನೆಯಾಗದ ಬಿಂಬಕ್ಕೆ ಆ ಹಕ್ಕಿಲ್ಲ, ಆದರೆ ಅದರ ಮುಂದೆ ಮುಗಿದ ಕೈ ಸುಳ್ಳೂ ಅಲ್ಲ.